ಬಿಸಿಲಿಗೆ ಯಾವ ಗುರುತು

ಸೊಲ್ಲಾಪುರದ ಅಕ್ಕಲಕೋಟ ರೋಡಿನ ನಮ್ಮ ಟವೆಲ್ ಕಾರ್ಖಾನೆಯಲ್ಲಿ
ಆರ್ಡರು ಬಂದಲ್ಲಿಂದ ಲಾರಿ ಏರುವ ತನಕ
ಯಾರು, ಯಾವಾಗ, ಯಾರ ಕೈಗೆ ಎಂಬುದನ್ನೆಲ್ಲ
ನಾನೇ ಬರೆದಿದ್ದೆ: ನಲವತ್ತೊಂದು ಚೌಕ,
ಆರು ವಜ್ರ. ಬಾಣಗಳ ಲೆಕ್ಕ ಇಟ್ಟಿರಲಿಲ್ಲ.

ನೂಲಿಗೆ ಬಣ್ಣ ಹಾಕುವವರು ಚಿಂಚೋಳಿ ಎಂಐಡಿಸಿಯವರು.
ಅವರ ಸಾಫ್ಟ್‌ವೇರು ಬೇರೆ, ನಮ್ಮದು ಬೇರೆ.
ಫೈಲು ಕಳಿಸಿದೆ. ತೆರೆಯಿತು ಅಂದರು.
ತೆರೆಯಿತು ಎಂಬ ಮಾತನ್ನು ನಂಬಿ ಚಹಾ ಕುಡಿದೆ.

ಹತ್ತನೇ ದಿನ ಇನ್ನೂರ ಎಂಬತ್ತು ಕಿಲೋ ನೂಲು
ಇಟ್ಟಿಗೆ ಬಣ್ಣದಲ್ಲಿ ಬಂದು ಬಾಗಿಲಲ್ಲಿ ಕೂತಿತು.
ನಾವು ಕೇಳಿದ್ದು ದಾಳಿಂಬೆ.
ಫೋನಿನಲ್ಲಿ ಮರಾಠಿಯಲ್ಲಿ ಶುರುವಾದ ಜಗಳ
ತೆಲುಗಿಗೆ ಹೊರಳಿ ಕನ್ನಡದಲ್ಲಿ ಮುಗಿಯಿತು.
ಬೈಗುಳ ಮಾತ್ರ ಒಂದಕ್ಷರ ಉದುರದೆ
ಎಲ್ಲ ಗಡಿ ದಾಟಿತು.

ಸ್ಕೂಟರ್ ಹತ್ತಿ ಹೋದೆ. ಅವರ ಪರದೆಯ ಮೇಲೆ
ನನ್ನ ಚೌಕಗಳೆಲ್ಲ ಎಡಮೂಲೆಗೆ, ಒಂದರ ಮೇಲೊಂದು,
ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಒಟ್ಟಿದ ಹಾಗೆ.
'ಬಣ್ಣ ಹೊಂದಿತೇ?' ಎಂದು ಕೇಳುತ್ತಿದ್ದ ವಜ್ರ
ಚೂಪು ಕಳಕೊಂಡು ಚೌಕವಾಗಿತ್ತು.
ಚೌಕ ಕೇಳುವುದಿಲ್ಲ, ಹೇಳುತ್ತದೆ.
ಜಾಗ ಸಾಲದೆ ಮಾತೂ ತುಂಡಾಗಿ
ಉಳಿದದ್ದು 'ಬಣ್ಣ ಹೊಂದಿ'.
'ಇಲ್ಲ' ಎಂಬ ಬಾಣ ಎಲ್ಲಿ ಬಿತ್ತೋ,
ಯಾರಿಗೂ ತಾಗಿರಲಿಲ್ಲ.

ಅಂಬಾದಾಸ ಯೆಮುಲ್, ಅಲ್ಲಿಯ ಹಿರಿಯ, ಒಂದು ಕಾಲಕ್ಕೆ
ಜಕಾರ್ಡ್ ಮಗ್ಗಕ್ಕೆ ರಟ್ಟಿನ ಕಾರ್ಡು ತೂತು ಹೊಡೆಯುತ್ತಿದ್ದವರು,
ಬಗ್ಗಿ ನೋಡಿ ನಕ್ಕರು:
"ತಂಗೀ, ನಾಕನೂರು ಕೊಕ್ಕಿ ಮಗ್ಗದ ಕಾರ್ಡು
ಆರನೂರರದಕ್ಕ ಕೂಡತದೇನು?
ನವಿಲು ನೇಯಾಕ ಹೋದರ ಕೋಳಿನೂ ಬರೂದಿಲ್ಲ.
ನಾವು ಕಾರ್ಡ ಕಳಸ್ತಾನ ಇರಲಿಲ್ಲ,
ಚೌಕಳಿ ಕಾಗದ ಕಳಸ್ತಿದ್ವಿ. ತೂತು ಅವರವರ ಹೊಡಕೋತಿದ್ರು.
ಕಾಗದದ ಜೋಡಿ ಒಬ್ಬ ಹುಡುಗನ್ನೂ."

ಆ ಮಧ್ಯಾಹ್ನ ನಾನೇ ಆ ಹುಡುಗ.
ನಕಾಶೆಯನ್ನು ನೆಲಕ್ಕೆ ಹಾಸಿ, ಮೂಲೆಗೆ ಬಣ್ಣದ ಡಬ್ಬಿ ಹೇರಿ
ಒಂದೊಂದೇ ಚೌಕಕ್ಕೆ ಬೆರಳಿಟ್ಟು ಕೇಳಿದೆ:
ಇದಕ್ಕೆ ನಿಮ್ಮಲ್ಲಿ ಏನಂತೀರಿ? ಇಲ್ಲಿ ಕಾಯುವವರು ಯಾರು?
ನನ್ನ 'ಮಂಜೂರು' ಅವರಲ್ಲಿ ಬರೀ 'ಮುಟ್ಟಿತು'.
ನಾನು ಅರ್ಧ ತಾಸು ಎಂದು ಬರೆದ ಕಡೆ
ಅವರಿಗೆ ಇಡೀ ದಿನ ಬೇಕು:
ಲಡಿಯ ತುಣುಕು ಅದ್ದಿ, ಹಿಂಡಿ, ಒಣಗಿಸಿ,
ಟ್ಯೂಬ್‌ಲೈಟಿನ ಕೆಳಗೆ ನೋಡುವುದಿಲ್ಲ,
ಹಿಂಬಾಗಿಲ ಮೆಟ್ಟಿಲಿಗೆ ಒಯ್ದು
ನಾಕು ಗಂಟೆಯ ಬಿಸಿಲಿಗೆ ಹಿಡಿದು
ಅಂಬಾದಾಸ ಹೂಂ ಅನ್ನುತ್ತಾರೆ.
ಅಥವಾ ಅನ್ನುವುದಿಲ್ಲ.

ಆ ಮೆಟ್ಟಿಲು ದಾರಿಯಲ್ಲಿ ಕಳೆದದ್ದಲ್ಲ,
ನಾನು ಬರೆಯದೇ ಇದ್ದದ್ದು.
ಅವರ ನಕಾಶೆಯಲ್ಲೂ ಇರಲಿಲ್ಲ, ತೆಗೆದು ನೋಡಿದೆವು.

ಎರಡೂ ಸಾಫ್ಟ್‌ವೇರುಗಳ ಗುರುತು ಹುಡುಕಿದೆ.
ಲಕೋಟೆ ಇದೆ, ಗಡಿಯಾರ ಇದೆ, ಹಲ್ಲಿನ ಚಕ್ರ ಇದೆ,
ಮನುಷ್ಯನದೊಂದು ಪುಟ್ಟ ತಲೆಯೂ ಇದೆ.
ಬಿಸಿಲಿಲ್ಲ.
ಪೆನ್ನು ತಗೊಂಡು ಒಂದು ಸೊನ್ನೆ ಬರೆದು ಸುತ್ತ ಗೀಟು ಎಳೆದೆ.

ಬಾಯ್ಲರಿನ ಹುಡುಗ ಹೆಗಲ ಮೇಲಿಂದ ಇಣುಕಿ
"ಮೋಡ ಆದ ದಿನಾ ಏನ್ ಮಾಡೂದು?" ಅಂದ.

ಹೌದಲ್ಲ. ಅಲ್ಲೊಂದು ವಜ್ರ ಬೇಕು.