ಎಂಜಲು ಗಾಳಿ

ಎಸ್‌ಬ್ಯೆರ್ಗ್ ಬಂದರಿನಲ್ಲಿ ಮೇ ತಿಂಗಳ ಮೂರೂವರೆ ನಸುಕು.
ಹೀಟರಿನ ಮೇಲೆ ಯಾರದೋ ಕೈಗವಸು ಒಣಗುತ್ತಿದೆ.
ರಾತ್ರಿಯಿಡೀ ಲೆಕ್ಕ ಜಗಿದ ಯಂತ್ರ
ಈಗ ತಾನೇ ಉಗುಳಿದೆ ಇವತ್ತಿನ ದಾರಿ:
ಎರಡು ದೋಣಿ, ಹನ್ನೊಂದು ಜನ, ಹದಿನಾರು ಕಂಬ.
ನಲವತ್ತೇಳನೆಯದು ಕೆಟ್ಟು ನಿಂತು ಒಂಬತ್ತು ದಿನ.
ಇರಲಿ ಬಿಡು, ಎನ್ನುತ್ತದೆ ಲೆಕ್ಕ,
ಅಲ್ಲಿಗೆ ಹೋಗಿ ಬರುವ ಡೀಸೆಲ್ಲಿಗಿಂತ
ಅದು ನಿಂತು ಕಳೆಯುವ ಗಾಳಿಯೇ ಅಗ್ಗ.

ರಾಗ್ನಿಲ್ ಅದನ್ನು ಎರಡು ಸಲ ಓದುತ್ತಾಳೆ.

ಕಂಬ ನೆಡುವ ಮೊದಲು, ಹನ್ನೆರಡು ವರ್ಷದ ಹಿಂದೆ,
ಕಡಲಿನ ನಕ್ಷೆ ಹಾಸಿ ಕೂತವಳೂ ಇವಳೇ.
ಮುಂದಿನ ಪಂಕ್ತಿ ಉಂಡು ಬಿಟ್ಟದ್ದು ಹಿಂದಿನ ಪಂಕ್ತಿಗೆ:
ಕದಡಿದ, ಸುಸ್ತಾದ, ಎಂಜಲು ಗಾಳಿ.
ಎಲ್ಲರ ಎಲೆಗೂ ಬಿಸಿಯದೇ ಬೀಳಲೆಂದು
ಒಂದನ್ನು ಇತ್ತ, ಒಂದನ್ನು ಅತ್ತ
ಸರಿಸಿದಳು, ಸಾವಿರದ ಮೇಲೆ ಸಾವಿರ ಸಲ.
ಕೇಬಲ್ಲು ಉದ್ದವಾಯಿತು.
ಅಲ್ಲಿ ಮರಳ ದಿಬ್ಬ, ಇಲ್ಲಿ ಹಡಗಿನ ಹಾದಿ.
ಮೀನುಗಾರ ಐನರ್ ನಕ್ಷೆಯ ಮೂಲೆಗೆ ಬೆರಳಿಟ್ಟು ಕೇಳಿದ:
ನನ್ನ ಬಲೆ ಎಲ್ಲಿದೆಯಮ್ಮ ನಿನ್ನ ಸಮೀಕರಣದಲ್ಲಿ?
ಬರೆದಳು ಅವನಿಗೊಂದು ಸಾಲು, ಇದರೊಳಗೆ ಕಾಲಿಡಕೂಡದೆಂದು.
ಆ ಸಾಲಿನ ಬೆಲೆ ಎಷ್ಟೆಂದು
ಯಂತ್ರ ಚಿಲ್ಲರೆ ಸಮೇತ ಹೇಳಿತು.

ಇನ್ನೊಂದು ವಿಚಿತ್ರ.
ಪಡುವಣ ಗಾಳಿ ಹದವಾಗಿ ಬೀಸುವಾಗ
ಮೊದಲ ಸಾಲಿನ ಕಂಬ ಮೊಗವನ್ನು ತುಸು ಓರೆ ಮಾಡುತ್ತದೆ.
ತನ್ನ ಪಾಲಿಗೆ ಒಂದಿಷ್ಟು ಖೋತಾ,
ಹಿಂದಿನ ಮೂರಕ್ಕೆ ಹೊಸ ಗಾಳಿ.
ಕೂಡಿ ನೋಡಿದರೆ ಒಟ್ಟು ಹೆಚ್ಚೇ.
ಔದಾರ್ಯ ಅದಕ್ಕೇನು ಗೊತ್ತು,
ತಿರುಗು ಎಂದರು, ತಿರುಗಿತು.

ನಾಲ್ಕು ಗಂಟೆ. ತೋರ್ಕಿಲ್ ಬಂದ,
ಮೆಟ್ಟಿಲ ಮೇಲೆ ಒಂದು ಕಾಲು ಎಳೆಯುತ್ತ.
ಎಡ ಮಂಡಿ. ಯಾರಿಗೂ ಹೇಳಿಲ್ಲ, ಎಲ್ಲರಿಗೂ ಗೊತ್ತು.
ಹಾಳೆಯಲ್ಲಿ ಅವನ ಹೆಸರಿಗೆ ನಾಲ್ಕು ಏಣಿ,
ನಡುವೆ ಉಸಿರಿಗೂ ಎಡೆಯಿಲ್ಲ.
ಒಂದನ್ನು ಅಳಿಸಿ, ಹುಡುಗ ಯೆಪ್ಪೆಯ ಹೆಸರಿಗೆ ಹಾಕಿ
ಮತ್ತೆ ಓಡಿಸಿದಳು ಲೆಕ್ಕ.
ಅತ್ಯುತ್ತಮಕ್ಕಿಂತ ಶೇಕಡಾ ಸೊನ್ನೆ ಬಿಂದು ಎಂಟು ಕಡಿಮೆ,
ಕೆಂಪಕ್ಷರದಲ್ಲಿ ದೂರಿತು ಪರದೆ.
ಕೆಳಗೆ, ಕಾರಣ ಬರೆಯಲು ಒಂದು ಖಾನೆ.
ಅಲೆ, ಎಂದು ಬರೆದಳು.

ತೋರ್ಕಿಲ್ ಹಾಳೆ ನೋಡಿದ, ಕಿಟಕಿಯಾಚೆ ನೋಡಿದ.
ಎಲ್ಲಿಯ ಅಲೆ? ಆರಿದ ಹಾಲಿನ ಹಾಗೆ
ಕೆನೆಗಟ್ಟಿ ಮಲಗಿದೆಯಲ್ಲ ಕಡಲು, ಅಂದ.
ಹೀಟರಿನ ಮೇಲಿಂದ ಕೈಗವಸು ತೆಗೆದು
ಅವನತ್ತ ಎಸೆದಳು.
ಬರುತ್ತದೆ, ಅಂದಳು.