ಎರಡನೇ ಬೊಂಬಾರ್ದಿನೊ

ನಲವತ್ತೊಂದಕ್ಕೆ ಸೇರಿದೆ. ಎಂಟು ವರ್ಷದವರ ತರಗತಿ.
ಕುರ್ಚಿ ಎಷ್ಟು ಕುಳ್ಳೆಂದರೆ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು.
ಪಕ್ಕದಲ್ಲಿ ತಿರ್ಸೊ, ಮುಂದಿನೆರಡು ಹಲ್ಲಿಲ್ಲದ ಪೋರ,
ನನ್ನ ಪುಸ್ತಕಕ್ಕೆ ಬೆರಳಿಟ್ಟು ಹೇಳಿದ:
"ಅದು ಸೋಲ್ ಅಲ್ಲ, ರೆಮೇಯ್. ಸಿ.
ಗೆರೆ ಎಣಿಸು, ಕೆಳಗಿನಿಂದ."
ಬೆಳಗ್ಗೆಯಷ್ಟೇ ಮುನ್ನೂರು ಮನೆಯ ಕಾಗದ
ಒಂದೂ ತಪ್ಪದೆ ಹಂಚಿ ಬಂದವಳು ನಾನು;
ಐದೇ ಗೆರೆಯ ಬೀದಿಯಲ್ಲಿ
ವಿಳಾಸ ಸಿಗದೆ ನಿಂತೆ.

ವಾದ್ಯ ಬ್ಯಾಂಡಿನದು, ಎರವಲು.
ಉಗ್ರಾಣದಲ್ಲಿ ಉಳಿದಿದ್ದದ್ದು ಅದೊಂದೇ ಬೊಂಬಾರ್ದಿನೊ,
ಮಡಿಲಿಗೆ ಹಾಕಿಕೊಂಡರೆ ಆರು ತಿಂಗಳ ಕೂಸಿನ ಗಾತ್ರ,
ಹೊಟ್ಟೆಯಲ್ಲೊಂದು ತಗ್ಗು. ಯಾರು ಬೀಳಿಸಿದ್ದೋ,
ಯಾವ ಮೆರವಣಿಗೆಯಲ್ಲೋ.
ಈಗ ಕತ್ತಲಲ್ಲೂ ಬೆರಳು ಅಲ್ಲಿಗೇ ಹೋಗುತ್ತದೆ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?"
ಅಂದಳು ಮೇಲ್ಮನೆಯ ಫೆಲಿಸಾ,
ಅಂದು ಕಿಟಕಿ ಮುಚ್ಚಿದಳು.
ಮರದ ಮಾತು ನಿಜವಿರಬಹುದು.
ಹಿತ್ತಾಳೆಯನ್ನೋ ನನಗಿಂತ ಮೊದಲೇ
ಯಾರೋ ಬಗ್ಗಿಸಿಟ್ಟಿದ್ದರು, ಸುತ್ತಿನ ಮೇಲೆ ಸುತ್ತು.
ಊದುವುದಷ್ಟೇ ಬಾಕಿ.

ಅದಕ್ಕೇ ಅಂಚೆಯ ವ್ಯಾನನ್ನು
ಅಲ್ಬುಫೇರದ ಕಡೆ, ನೀರು ಕಟ್ಟಿದ ಭತ್ತದ ಗದ್ದೆಗಳ
ಬದುವಿನ ಮೇಲೆ ನಿಲ್ಲಿಸಿ, ಹಿಂಬಾಗಿಲು ತೆರೆದು,
ಖಾಲಿ ಚೀಲಗಳ ಮೇಲೆ ಕೂತು ಊದುತ್ತಿದ್ದೆ.
ಊದಿದೊಡನೆ ಕಪ್ಪೆಗಳು ಗಪ್‌ಚಿಪ್.
ನಿಲ್ಲಿಸಿದೊಡನೆ ಒಟ್ಟಿಗೇ ಶುರು.
ಚಪ್ಪಾಳೆಯೆಂದೇ ತಿಳಿದು
ಒಂದಿಡೀ ಬೇಸಿಗೆ ಕಳೆದೆ.

ಸಂತ ಸಿಸೀಲಿಯಳ ದಿನ, ನವೆಂಬರಿನಲ್ಲಿ,
ಹೊಸಬರನ್ನು ಅವರವರ ಮನೆಯಿಂದಲೇ
ಬಾರಿಸುತ್ತ ಕರೆದೊಯ್ಯುವುದು ನಮ್ಮೂರ ಬ್ಯಾಂಡಿನ ಪದ್ಧತಿ.
ಆ ವರ್ಷ ಏಳು ಜನ. ಆರು ಮಕ್ಕಳು, ಮತ್ತೆ ನಾನು,
ನಲವತ್ತೈದರ ಹೊಸಬಳು.
ಮಕ್ಕಳ ಬಾಗಿಲಲ್ಲಿ ಅಮ್ಮಂದಿರು ಅತ್ತರು,
ಅಜ್ಜಂದಿರು ಬಾದಾಮಿ ಹಂಚಿದರು.
ನನ್ನ ಬಾಗಿಲಿಗೆ ನಾನೇ ಬೀಗ ಹಾಕಿ,
ಕೀಲಿಯನ್ನು ಎಲ್ಲಿಡಲಿ ಎಂದು ತಡವರಿಸುತ್ತಿದ್ದೆ
(ಸಮವಸ್ತ್ರಕ್ಕೆ ಜೇಬಿಲ್ಲ),
ಬೀದಿ ತುಂಬ ಅರವತ್ತು ಜನ ನನಗಾಗಿ ನುಡಿಸುತ್ತ ನಿಂತಿದ್ದಾಗ
ಮೇಲೆ ಕಿಟಕಿ ಕಿರ್ರೆಂದಿತು.
ಫೆಲಿಸಾ.
"ಕಾಲರ್ ಸರಿಮಾಡಿಕೋ," ಎಂದು ಗದರಿದಳು.
"ಕೀಲಿ ಇತ್ತ ಎಸೆ."

ಎರಡನೇ ಬೊಂಬಾರ್ದಿನೊ ಅಂದರೆ ಇಷ್ಟು:
ಬರದಿದ್ದರೆ ಯಾರಿಗೂ ತಿಳಿಯುವುದಿಲ್ಲ,
ತಪ್ಪಿದರೆ ಎಲ್ಲರಿಗೂ ತಿಳಿಯುತ್ತದೆ.
ರಾಗ ಕ್ಲಾರಿನೆಟ್ಟಿನವರದು. ನಮ್ಮದು ಅದರಡಿಯ ನೆಲ.
ಇಪ್ಪತ್ತಮೂರು ವರ್ಷದಿಂದ ಎಲಾದಿ ಮೇಷ್ಟ್ರು
ಕೋಲೆತ್ತಿ ನನಗೆ ಹೇಳುವುದು ಒಂದೇ ಮಾತು:
"ರೆಮೇಯ್, ಇನ್ನೂ ಸಣ್ಣಗೆ."
ಇಷ್ಟರಲ್ಲಿ ನಾನು ಕರಗಿಯೇ ಹೋಗಬೇಕಿತ್ತು.

ತಿರ್ಸೊ ಈಗ ಹ್ಯಾಂಬರ್ಗಿನಲ್ಲಿ. ಸಂಬಳಕ್ಕೆ ನುಡಿಸುತ್ತಾನೆ.
ಆಗಸ್ಟಿನಲ್ಲಿ ಊರಿಗೆ ಬಂದರೆ ನನ್ನ ಪಕ್ಕದಲ್ಲೇ ಕೂರುತ್ತಾನೆ,
ಗಡ್ಡ ಬೆಳೆಸಿದ್ದಾನೆ, ಹಲ್ಲುಗಳೆಲ್ಲ ಇವೆ.
ಹೋದ ವರ್ಷ ತಾಲೀಮಿನ ನಡುವೆ ಬಗ್ಗಿ ಪಿಸುಗುಟ್ಟಿದ:
"ಎಲ್ಲಿದ್ದೇವೆ?"
ಗೆರೆ ಎಣಿಸು, ಅನ್ನಬಹುದಿತ್ತು.
ಅನ್ನಲಿಲ್ಲ. ಬೆರಳಿಟ್ಟು ತೋರಿಸಿದೆ.

ನನ್ನ ಹಲ್ಲಿನ ಕಥೆ ಬೇರೆ.
ಮುಂದಿನದೊಂದು ಅಲ್ಲಾಡುತ್ತಿದೆ.
"ನೋವಿದೆಯೇ?" ಎಂದು ಡಾಕ್ಟರು ಕೇಳಿದರೆ
"ಮೇಲಿನ ಫಾ ಬರುತ್ತಿಲ್ಲ," ಎಂದೆ.
ಆಕೆ ಅದನ್ನೇ ಚೀಟಿಯಲ್ಲಿ ಬರೆದುಕೊಂಡಳು.

ಒಂದನ್ನು ಮಾತ್ರ ಯಾರಿಗೂ ಹೇಳಿಲ್ಲ.
ಕೆಳಗಿನ ಕೊಳವೆಯಲ್ಲೊಂದು ಪುಟ್ಟ ಮುಚ್ಚಳವಿದೆ.
ಊದಿದ ಉಸಿರು ಒಳಗೆ ತಣಿದು ನೀರಾಗಿ
ಸ್ವರಕ್ಕೆ ಗೊರಗೊರ ಬಂದಾಗ
ಅದನ್ನೊತ್ತಿ ಹರಿಯಬಿಡಬೇಕು.
ಪ್ರತಿ ಶುಕ್ರವಾರ ಕುರ್ಚಿಯಡಿ ಒಂದು ಅಂಗೈಯಷ್ಟು ಕೊಳ.
ಎಲ್ಲರೂ ಎದ್ದ ಮೇಲೆ
ಅದನ್ನು ಒರೆಸುವ ಮೊದಲು
ಸುಮ್ಮನೆ ಸ್ವಲ್ಪ ಹೊತ್ತು ನೋಡುತ್ತೇನೆ.
ದೀಪ ಆರಿಸಲು ಬಂದ ಹುಡುಗ
ಬಾಗಿಲಲ್ಲಿ ಕೀಲಿ ಕುಣಿಸುತ್ತಾನೆ.