ಮೂರನೆಯ ಮಗ್ಗುಲು

ಮಂಗಳವಾರ ಮಂಗಳವಾರ ನಾನು ಅಲ್ಲಿಗೆ
ಹಾಲಿನ ಲೋಟ ತೊಳೆಯಲು ಹೋಗುತ್ತೇನೆ.
ವೇಲ್ಸಿನ ಬಡಗಣದ ಆ ಊರಲ್ಲಿ ಗುಡ್ಡಕ್ಕಿಂತ ಎತ್ತರ
ಗಣಿಯವರು ಬಿಸಾಡಿದ ಕಲ್ಲಿನ ರಾಶಿ.
ಸ್ಲೇಟಿನ ಬೇಲಿ, ಸ್ಲೇಟಿನ ಮಾಡು, ಸ್ಲೇಟಿನ ಗೋರಿ.
ಶಿಶುವಿಹಾರದ ಬುಟ್ಟಿಯಲ್ಲೂ ಸ್ಲೇಟಿನ ಚೂರು,
ಒಂದೊಂದಕ್ಕೆ ಒಂದೊಂದು ಮಾತು, ಬಳಪದಲ್ಲಿ.

"ಎತ್ತಿಕೊಳ್ಳಿ" ಎನ್ನುತ್ತಾಳೆ ಎಲಿನೆಡ್ ಟೀಚರು.
ನಾಲ್ಕು ವರ್ಷದವರು ಕೈತುಂಬ ಮಾತು ಹೊತ್ತು
ಎಡವುತ್ತ, ಮೂಗೊರೆಸುತ್ತ ಸಾಲು ನಿಲ್ಲುತ್ತಾರೆ.
ಈ ನುಡಿಯಲ್ಲಿ ಕ್ರಿಯಾಪದವೇ ಮುಂದಾಳು:
ಕುಡಿಯಿತು ಬೆಕ್ಕು ಹಾಲು.
ನನ್ನ ಕನ್ನಡದಲ್ಲೋ ಅದು ಮದುವೆಯೂಟದ ಮಜ್ಜಿಗೆ,
ಕೊನೆಗೇ ಬರಬೇಕು,
ಬರುವತನಕ ಎಲೆ ಬಿಟ್ಟು ಏಳುವಂತಿಲ್ಲ.

ಗ್ವೆನೊ ಮುಂದೆ ನಿಂತರೆ ಅವಳೇ "ಕುಡಿಯಿತು".
ಹಿಂದಿನ ಇಬ್ಬರು ಜಾಗ ಬದಲಿಸಿದ್ದೇ ತಡ
ಹಾಲು ಬೆಕ್ಕನ್ನು ಕುಡಿದು ಮುಗಿಸಿತು,
ಬಿದ್ದು ಬಿದ್ದು ನಕ್ಕರು, ನಿಜವಾಗಿ ಬಿದ್ದೇ.

ಇನ್ನೊಂದು ಆಟ ಕಲ್ಲು ಮಗುಚುವುದು.
ಬೆಕ್ಕು ಒಂಟಿಯಾಗಿದ್ದರೆ ಕಾಥ್.
ಎಡಕ್ಕೆ ಪುಟ್ಟದೊಂದು 'ಅ' ಬಂದು ತಾಗಿದರೆ
ಮಗುಚು: ಗಾಥ್.
ಲೋಟದ ನೊರೆಯೊಳಗಿಂದ ನನಗೆ
ಹೈಸ್ಕೂಲಿನ ಮೇಷ್ಟ್ರ ಕೆಮ್ಮು ಕೇಳಿತು:
ಬೆಟ್ಟ, ತಾವರೆ, ಬೆಟ್ಟದಾವರೆ.
ಅಂದರೆ ಇಷ್ಟು ದೂರದಲ್ಲೂ ಇದೆ,
ಪಕ್ಕದವರು ಮುಟ್ಟಿದರೆ
ಕಕಾರ ಗಕಾರವಾಗಿ ಮೆತ್ತಗಾಗುವುದು.

ಮಾಕ್ಸೆನ್ ಕೈಯಲ್ಲಿ "ಅಪ್ಪ".
ದಪ್ಪ ಕಲ್ಲು, ಅವನಜ್ಜ ಸೀಳದೆ ಉಳಿಸಿದ್ದು.
ಒಂದು ಮಗ್ಗುಲು ಟಾಡ್, ಯಾರದೋ ಅಪ್ಪ.
ಮಗುಚಿದರೆ ಡಾಡ್, ನಿನ್ನಪ್ಪ.
ಅವನು "ನನ್ನ" ಎಂಬ ಚೂರು ಹುಡುಕಿ ತಂದು ಜೋಡಿಸಿದ.
ಟೀಚರು ತುಟಿ ಕಚ್ಚಿದಳು. "ನನ್ನ" ಎಂದಾಗ
ಅಕ್ಷರ ಮೂಗಿಗೇರುತ್ತದೆ ಇಲ್ಲಿ, ನ್ಹಾಡ್,
ಅಳು ಏರುವ ಹಾಗೆ.
ಕಲ್ಲಿಗಿರುವುದು ಎರಡೇ ಮಗ್ಗುಲು.

ತಿರುಗಿಸಿದ, ಮತ್ತೆ ತಿರುಗಿಸಿದ,
ಅಂಚು ನೋಡಿದ, ಮೂಸಿದ,
ಕೈಜಾರಿತು.

ಒಡೆಯಲಿಲ್ಲ. ಪದರಗುಂಟ ಸೀಳಿತು,
ಪುಸ್ತಕ ತೆರೆದುಕೊಂಡ ಹಾಗೆ.
ಒಳಗೆ ಎರಡು ಹೊಸ ಮೈ, ನೀಲಿ,
ಬೆಟ್ಟ ಹುಟ್ಟಿದಂದಿನಿಂದ ಯಾರೂ ನೋಡಿರದ್ದು.

ಒಂದರ ಮೇಲೆ ಟೀಚರು ಬರೆದಳು: ನ್ಹಾಡ್.
ಇನ್ನೊಂದನ್ನು ಅವನು ಕೊಡಲಿಲ್ಲ.
ಖಾಲಿಯಾಗಿಯೇ ಒಯ್ದು ಸಾಲಿನ ತಲೆಗಿಟ್ಟ,
ಕ್ರಿಯಾಪದದ ಜಾಗಕ್ಕೆ.

"ಏನಿದು ಮಾಕ್ಸೆನ್? ಬಂದರು? ಹೋದರು?"
"ಇನ್ನೂ ಆಗಿಲ್ಲ" ಅಂದ,
ಇಷ್ಟೂ ಗೊತ್ತಾಗದೇ ಎಂಬಂತೆ.

ಬಳಪ ಹಿಡಿದ ಕೈ ಏಪ್ರನ್ನಿನ ಜೇಬಿಗೆ ಹೋಯಿತು.
ಯಾರಾದರೂ ಏನಾದರೂ ಹೇಳಬೇಕಿತ್ತು.
"ಬಂತು ಹಾಲು!" ಎಂದು ಕೂಗಿದೆ ನಾನು,
ಅವರ ವರಸೆಯಲ್ಲೇ.